ಹನ್ನೊಂದು ಕಿಲೋ ಪ್ರಥಮಫಲ

ತೊಟ್ಟು ಕತ್ತರಿಸಿದ ಕ್ಷಣಕ್ಕೆ ಕಾಯಿ ರಾಜೇಂದ್ರನ ತೋಳಿಗೆ ಕುಸಿದು, ಭಾನುವಾರದ ಇಸ್ತ್ರಿ ಅಂಗಿಗೆ ಬೂದಿ ಬಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಹನ್ನೊಂದು ಕಿಲೋ ಇರಬಹುದು. ಹನ್ನೆರಡೂ ಇರಬಹುದು! ಪೀಣ್ಯದ ಮಣ್ಣಿನಲ್ಲಿ, ಕಾರ್ಖಾನೆಯ ಹಿಂದಿನ ಕೆಸರುಗುಂಡಿಯ ಅಂಚಿನಲ್ಲಿ, ಅವನು ಹೊಯ್ದ ನೀರು ಕುಡಿದು ಬೆಳೆದ ಬೂದುಗುಂಬಳ.

"ಎಂಗದೆ ಲಕ್ಷ್ಮಣಪ್ಪ?" ಎಂದು, ಯಾರ ದನಿಯನ್ನಾದರೂ ಅಣಕಿಸಬಲ್ಲ ರಾಜೇಂದ್ರ ವಾಚ್‌ಮನ್ನನ ದನಿಯಲ್ಲೇ ವಾಚ್‌ಮನ್ನನನ್ನು ಕೇಳಿದ.

ಲಕ್ಷ್ಮಣಪ್ಪ ನಗಲಿಲ್ಲ. ಈ ಶೆಡ್ಡುಗಳು ಏಳುವ ಮುಂಚೆ ಇಲ್ಲಿ ಅವನಪ್ಪನ ರಾಗಿ ಹೊಲವಿತ್ತು. ಈಗ ಅದೇ ಹೊಲಕ್ಕೆ ಅವನು ಸಂಬಳದ ಕಾವಲುಗಾರ.

"ಸೆಂದಾಗದೆ ಸಾ. ಏನ್ ಮಾಡ್ತೀರಾ ಇದ್ನ?"

"ಚರ್ಚಿಗೆ. ಇವತ್ತು ನಮ್ಮ ಸುಗ್ಗಿ ಹಬ್ಬ. ಮೊದಲ ಬೆಳೆ ದೇವರಿಗೆ."

"ನೋಡಕ್ ಮಡಗ್ತಾರಾ?"

"ಅಡುಗೆ ಮಾಡ್ತಾರೆ. ಎಲ್ಲರಿಗೂ ಊಟ."

ಲಕ್ಷ್ಮಣಪ್ಪ ಕುಡುಗೋಲನ್ನು ಲುಂಗಿಗೆ ನಿಧಾನವಾಗಿ ಒರೆಸಿದ. "ಇಲ್ಲೀದು ನಾವು ದನುಕ್ಕೂ ಆಕಕಿಲ್ಲ ಸಾ."

ಅದು ಹಳೆಯ ಕಾಲದ ಮಾತು, ಎಂದುಕೊಂಡ ರಾಜೇಂದ್ರ. ಅವನು ಬರುವ ಮುಂಚಿನ ಮಾತು.

ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆ ಅದು. ಹೊಳಪು ಮುಂದಿನ ಗೇಟಿನಿಂದ ಲಾರಿ ಹತ್ತುತ್ತಿತ್ತು. ಮಿಕ್ಕಿದ್ದೆಲ್ಲ ಹಿಂದಕ್ಕೆ, ಇಂಜಿನಿಯರ್ ರಾಜೇಂದ್ರನ ತೊಟ್ಟಿಗೆ ಬರುತ್ತಿತ್ತು. ಹಳದಿ ನೀರಿನಲ್ಲಿನ ಕ್ರೋಮಿಯಂ ಎಂಬ ವಿಷ ತೆಗೆದು ಅದನ್ನು ಮೋರಿಗೆ ಬಿಡುವುದು ಅವನ ಕೆಲಸ. ತೆಗೆದೆನೆಂದು ಪುಸ್ತಕದಲ್ಲಿ ಬರೆಯುವುದು ಇನ್ನೂ ದೊಡ್ಡ ಕೆಲಸ. ಹೋದ ವರ್ಷದ ಆಯುಧಪೂಜೆಯ ದಿನ ಕೆಲಸದವರು ಎಲ್ಲ ಯಂತ್ರಗಳನ್ನೂ ತೊಳೆಯುತ್ತ, ಭಕ್ತಿ ಹೆಚ್ಚಾಗಿ, ಕ್ರೋಮಿಯಂ ಅಳೆಯುವ ಮೀಟರಿಗೂ ಪೈಪು ಹಿಡಿದರು. ಅದು ಕುಂಕುಮ ಇಟ್ಟುಕೊಂಡೇ ಸತ್ತಿತು. ಹೊಸದು ಬರುತ್ತದೆ ಎಂದರು ಆಫೀಸಿನವರು. ಬರುವ ತನಕ ಮೀಟರಿನ ಮಿಮಿಕ್ರಿಯನ್ನು ರಾಜೇಂದ್ರನೇ ಮಾಡಬೇಕಾಯಿತು. ಒಂದು ದಿನ 0.06. ಮರುದಿನ 0.08. ಸಹಜವಾಗಿರಲಿ ಎಂದು ಆಗೀಗ 0.09. ಮಿತಿ 0.1, ಅದನ್ನು ಮುಟ್ಟುವಷ್ಟು ಕೆಟ್ಟ ನಟ ಅವನಲ್ಲ.

ಅದೇ ಪೂಜೆಯಲ್ಲಿ ಒಡೆದ ಬೂದುಗುಂಬಳದ ಬೀಜವೊಂದು ಈ ಮುಂಗಾರಿಗೆ ಗುಂಡಿಯ ಪಕ್ಕ ಮೊಳೆತಾಗ ಅವನ ಆಸೆಯೂ ಚಿಗುರಿತು. ದಿನವೂ ತೊಟ್ಟಿಯ ನೀರನ್ನೇ ಹೊಯ್ದ. ಬಳ್ಳಿ ಹಬ್ಬಿತು! ಹೂ ಬಿಟ್ಟಿತು! ನೀರು ಕೆಟ್ಟಿದ್ದರೆ ಬದುಕುತ್ತಿತ್ತೇ? ಹಾಗಾದರೆ ಅವನು ಸುಳ್ಳು ಬರೆದಿದ್ದನೇ ಹೊರತು, ಬರೆದದ್ದು ಸುಳ್ಳಾಗಿರಲಿಲ್ಲ. ಕಾಯಿ ದಪ್ಪವಾದಂತೆಲ್ಲ ಅವನ ಉಸಿರು ಹಗುರವಾಯಿತು.

ಹೆಂಡತಿ ಶಾಂತಿ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ತಲೆಯಿಲ್ಲದೆ ನಿಂತಿದ್ದವು.

"ನೀವು ತಿಂತೀರಾ ಇದನ್ನ?"

"ಯಾಕೆ ತಿನ್ಬಾರ್ದು?"

"ತಿಂತೀರಾ ಅಂತ ಕೇಳ್ದೆ."

"ಸಿಗ್ನಲ್ ಬಿತ್ತು ಕಣೆ, ಗಟ್ಟಿ ಹಿಡ್ಕೋ." ಸಿಗ್ನಲ್ ಬಿದ್ದಿರಲಿಲ್ಲ.

ಜಾಲಹಳ್ಳಿಯ ಚರ್ಚಿನ ಬಾಗಿಲಿಗೆ ಕಬ್ಬು ಕಟ್ಟಿದ್ದರು. ಸಭೆಯವರೆಲ್ಲ ಸರ್ಕಾರಿ ಕಾರ್ಖಾನೆಗಳಲ್ಲಿ, ಐಟಿ ಕಂಪನಿಗಳಲ್ಲಿ ಇದ್ದವರು. ಬೆಳೆ ಎಲ್ಲಿಂದ ಬರಬೇಕು? ಬೆಲೆಯ ಸ್ಟಿಕ್ಕರು ಕೀಳದ ಹೂಕೋಸು, ಪ್ಲಾಸ್ಟಿಕ್ಕಿನಲ್ಲಿ ಉಸಿರು ಕಟ್ಟಿದ ಸೇಬು ಪೀಠದ ಮುಂದೆ ಕೂತಿದ್ದವು. ಯಾರೋ ಒಂದು ಡಬ್ಬ ಓಟ್ಸ್ ಇಟ್ಟಿದ್ದರು. ಅವುಗಳ ನಡುವೆ ಮೈತುಂಬ ಬೂದಿ ಬಳಿದುಕೊಂಡ ಕಾಯಿ ಸನ್ಯಾಸಿಯ ಹಾಗೆ ಬಂದು ಕೂತಾಗ ಸಭೆಯೇ ಕತ್ತು ಚಾಚಿತು.

"ನೀವೇ ಬೆಳೆದದ್ದಾ ರಾಜೇಂದ್ರ?" ಸಭಾಪಾಲಕರಾದ ಅಯ್ಯನವರ ಕಣ್ಣು ಒದ್ದೆಯಾಯಿತು. "ಕಾರ್ಖಾನೆ ನೀರಲ್ಲಾ?"

"ಶುದ್ಧ ಮಾಡಿದ ನೀರು, ಅಯ್ಯನವರೇ."

ಪ್ರವಚನದ ಉದ್ದಕ್ಕೂ ಅಯ್ಯನವರು ಕಾಯಿಯ ಕಡೆಗೇ ಕೈ ತೋರಿಸಿದರು. "ದೇವರು ಭೂಮಿನ ನಮ್ಮ ಹೆಸರಿಗೆ ರಿಜಿಸ್ಟ್ರಿ ಮಾಡಿಕೊಟ್ಟಿಲ್ಲ. ನೋಡ್ಕೊಳ್ಳಿ ಅಂತ ಕೊಟ್ಟಿದ್ದಾನೆ. ನಾವು ಮನೆವಾರ್ತೆಯವರು, ಓನರ್‌ಗಳಲ್ಲ! ಊಟಕ್ಕೆ ಸ್ಟೀಲ್ ತಟ್ಟೆ ತಂದವರು ಕೈಯೆತ್ತಿ!" ಅರ್ಧ ಸಭೆ ಕೈಯೆತ್ತಿತು. ಮರೆತವರು ತಟ್ಟೆ ತರಲು ಒಬ್ಬೊಬ್ಬರೇ ಕಾರು ತೆಗೆದುಕೊಂಡು ಮನೆಗೆ ಹೋಗಿಬಂದರು.

ಆರಾಧನೆ ಮುಗಿದು ಅಂಗಳಕ್ಕೆ ಬಂದಾಗ ಅಯ್ಯನವರಿಗೆ ಹುರುಪು ಇಮ್ಮಡಿಸಿತ್ತು. "ಮಿಕ್ಕ ಕಾಣಿಕೆಯೆಲ್ಲ ಹರಾಜಿಗೆ, ಈ ಕಾಯಿ ಹರಾಜಿಗಿಲ್ಲ! ತಿರುಳು ಮಜ್ಜಿಗೆಹುಳಿಗೆ. ಬೀಜ ಮನೆಗೊಂದೊಂದು. ಕುಂಡದಲ್ಲಿ ಹಾಕಿ, ಬರುವ ವರ್ಷ ನೂರು ಕಾಯಿ ತನ್ನಿ!" ಚಪ್ಪಾಳೆ. ರಾಜೇಂದ್ರನಿಗೆ ಕಿವಿ ಬಿಸಿಯಾಗುವಷ್ಟು ಚಪ್ಪಾಳೆ.

ಅಡುಗೆಗೆ ನಿಂತಿದ್ದ ಸಿದ್ದಕ್ಕ ಈಳಿಗೆಮಣೆ ತಂದಳು. ಗದಗ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದವಳು, ಚರ್ಚಿನ ನೆಲ ಒರೆಸುವವಳು. ಕಾಯಿ ಎರಡು ಹೋಳಾಯಿತು. ಒಳಗೆ ಮಂಜಿನಷ್ಟು ಬಿಳುಪು.

"ಏನ್ ಚಂದ ಬೆಳದೈತ್ರೀ ಅಣ್ಣಾರ! ನಮ್ಮೂರಾಗ ಸೈತ ಇಂಥಾದ್ದು ಕಂಡಿಲ್ಲ."

"ಮೊದಲ ತುಂಡು ಬೆಳೆದವರಿಗೆ," ಎಂದು ಅಯ್ಯನವರು ತೆಳುವಾದ ಹೋಳೊಂದನ್ನು ಅವನ ಬಾಯಿಗೆ ಹಿಡಿದರು.

ಬಾಯಿ ತೆರೆಯಲಿಲ್ಲ.

ತೆರೆಯುತ್ತದೆಂದೇ ಅವನು ನಂಬಿದ್ದ. ತುಟಿಗೆ ತಣ್ಣನೆಯ ತಿರುಳು ತಾಗುತ್ತಿತ್ತು. ಸುತ್ತಲಿನವರು ಕಾಯುತ್ತಿದ್ದರು. ಒಂದೊಂದು ದಿನವೂ ಬರೆದ ಒಂದೊಂದು ಸೊನ್ನೆಯೂ ಹಲ್ಲುಗಳ ಹಿಂದೆ ಒತ್ತೊತ್ತಾಗಿ ನಿಂತಂತಾಯಿತು. ತುಂಡನ್ನು ಬೆರಳಲ್ಲಿ ತೆಗೆದುಕೊಂಡು, ನಕ್ಕು, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. ಶಾಂತಿ ಜೇಬನ್ನೇ ನೋಡಿದಳು.

ಅಡುಗೆಯವರು ತಿರುಳಿನ ಬುಟ್ಟಿಯನ್ನು ಒಲೆಯ ಕಡೆಗೆ ಎತ್ತಿದರು.

"ಇದನ್ನು ತಿನ್ನಬೇಡಿ," ಎಂದ ರಾಜೇಂದ್ರ.

ಒಣಗಿದ ಗಂಟಲಿನಿಂದ ದನಿ ಆಳವಾಗಿ, ಗಡುಸಾಗಿ ಬಂತು. ತಲೆಗಳು ಅವನತ್ತ ತಿರುಗಿದವು. ಆಮೇಲೆ ಅಂಗಳವೇ ನಗೆಯಲ್ಲಿ ಸಿಡಿಯಿತು. ಹತ್ತು ವರ್ಷದಿಂದ ಕ್ರಿಸ್ಮಸ್ ನಾಟಕಗಳಲ್ಲಿ ಪರದೆಯ ಹಿಂದೆ ದೇವರ ದನಿ ಅವನದೇ.

"ದೇವರು ಹಣ್ಣು ತಿನ್ಬೇಡಿ ಅನ್ನೋ ತೋಟದ ಸೀನು ಗುರು! ಸಕ್ಕತ್!"

"ಇನ್ನೊಂದ್ಸಲ ಅಂಕಲ್, ಇನ್ನೊಂದ್ಸಲ!"

"ಇಲ್ಲ, ನಿಜವಾಗ್ಲೂ..." ಎಂದ. ಈಗ ಬಂದದ್ದು ಅಯ್ಯನವರ ದನಿ. ನಗೆ ಇನ್ನೂ ಎದ್ದಿತು. ಅಯ್ಯನವರೇ ಹೊಟ್ಟೆ ಹಿಡಿದುಕೊಂಡರು. ಅವನು ಕೆಮ್ಮಿ ತನ್ನ ದನಿಯನ್ನು ಮತ್ತೆ ಹುಡುಕಿದ. ಲಕ್ಷ್ಮಣಪ್ಪನ ದನಿ ಬಂತು. ಆಫೀಸಿನ ಮ್ಯಾನೇಜರದು ಬಂತು. ಎಲ್ಲರೂ ಸಾಲಾಗಿ ಬಂದುಹೋದ ಮೇಲೆ ಗಂಟಲಲ್ಲಿ ತನ್ನದೆಂಬುದು ಏನಾದರೂ ಉಳಿದಿರಬೇಕಲ್ಲ ಎಂದು ಕಾದ. ಬುಟ್ಟಿ ಒಲೆ ಮುಟ್ಟಿತ್ತು.

"ಸಾಕು, ಸಾಕು! ಬೀಜ ನೀವೇ ಹಂಚಿ," ಎಂದು ಅಯ್ಯನವರು ಕಣ್ಣೊರೆಸಿಕೊಳ್ಳುತ್ತ ತಟ್ಟೆಯನ್ನು ಅವನ ಕೈಗೆ ಕೊಟ್ಟರು.

ಒದ್ದೆಯಾದ ಚಪ್ಪಟೆ ಬಿಳಿ ಬೀಜಗಳು. ಜನ ತಾವಾಗಿಯೇ ಸಾಲು ನಿಂತರು. ಮೊದಲು ಸಿದ್ದಕ್ಕ. ಸೆರಗಿಗೆ ಕೈ ಒರೆಸಿ, ಎಡಗೈ ಮೇಲೆ ಬಲಗೈ ಇಟ್ಟು, ತಲೆ ತಗ್ಗಿಸಿ ಕಣ್ಣು ಮುಚ್ಚಿದಳು. ಅವನು ಅಂಗೈಯಲ್ಲಿ ಒಂದು ಬೀಜ ಇಟ್ಟ. ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆಂದು ನೋಡಿದ. ತಿಂಗಳಿಗೊಮ್ಮೆ ಆರಾಧನೆಯಲ್ಲಿ ಹೀಗೇ ಕೈಯೊಡ್ಡಿ ಸಂಸ್ಕಾರದ ರೊಟ್ಟಿ ತಿಂದ ಅಭ್ಯಾಸಕ್ಕೆ ಅವಳ ಕೈ ನೇರ ಬಾಯಿಗೆ ಹೋಯಿತು.

"ಆಮೆನ್," ಎಂದು ನುಂಗಿದಳು.

ಅವಳ ಹಿಂದಿದ್ದವರು ಕಂಡರು. ಹಾಗೇ ಮಾಡಬೇಕೇನೋ ಎಂದು ಅವರೂ ನುಂಗಿದರು. ಅಯ್ಯನವರು ತಡೆಯಲು ಕೈಯೆತ್ತಿದವರು, ಏನೋ ಹೊಳೆದಂತೆ, ಅದೇ ಕೈಯನ್ನು ಆಶೀರ್ವಾದಕ್ಕೆ ತಿರುಗಿಸಿದರು. ಯಾರೋ ಹಾಡು ಎತ್ತಿಕೊಂಡರು. ಅಂಗೈಗಳು ಒಂದರ ಹಿಂದೊಂದು ಬಂದವು: ಬೆವರಿದವು, ಮದರಂಗಿಯವು, ಗ್ರೀಸು ಉಳಿದವು. ಬೀಜ, ಆಮೆನ್. ಬೀಜ, ಆಮೆನ್. ಅವನ ಕೈ ಅವನಿಲ್ಲದೆಯೇ ಚುರುಕಾಗಿ ಓಡುತ್ತಿತ್ತು.

ಆಮೇಲೆ ಬಂದ ಅಂಗೈಗಳಲ್ಲಿ ಬಳೆ ಗುರುತಿಸಿದ. ಶಾಂತಿ ತಲೆ ತಗ್ಗಿಸಿರಲಿಲ್ಲ. ಕಣ್ಣನ್ನೂ ಮುಚ್ಚಿರಲಿಲ್ಲ.

"ಕೊಡಿ," ಎಂದಳು.

ಅವನು ಬೆರಳು ಬಿಡಿಸಿದ. ಬೀಜ ಬೀಳಲಿಲ್ಲ, ಲೋಳೆಗೆ ಬೆರಳಿನ ತುದಿಯಲ್ಲೇ ಅಂಟಿಕೊಂಡು, ಅವಳ ತೆರೆದ ಅಂಗೈಯ ಮೇಲೆ ನೇತಾಡುತ್ತಿತ್ತು. ಹಿಂದೆ ಸಾಲು ಗೇಟು ದಾಟಿ ರಸ್ತೆಗೆ ಬೆಳೆದಿತ್ತು, ಎಲ್ಲರ ಕೈಗಳೂ ಆಗಲೇ ಚಾಚಿದ್ದವು.