ಪಕ್ಕದ ಸೀಟು

ಫೋನು ಬಂದಾಗ ಬಸವರಾಜೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ವಿಮಾನ ಬರಬೇಕಾದ ಹೊತ್ತಿಗೆ ಬಂದಿಲ್ಲ, ಹುಡುಕುತ್ತಿದ್ದೇವೆ, ಗಾಬರಿಯಾಗಬೇಡಿ ಎಂದು ವಾಯುಸೇನೆಯ ಬೇಸಿನಿಂದ ಯಾರೋ ಹುಡುಗ ಹೇಳಿದ. ಗಾಬರಿಯಾಗಬಾರದಂತೆ. ಈ ಮಾತನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ ಏನೋ, ಅವನ ಹೆಂಡತಿಗೆ ಇಂಥ ಫೋನು ಒಂದು ಸಲವೂ ಬಂದಿರಲಿಕ್ಕಿಲ್ಲ. ಅವಳು ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಫೋನಿನ ಪಕ್ಕ ಕೂತಳು.

ಸ್ವಲ್ಪ ಹೊತ್ತಿಗೆಲ್ಲ ಚಕ್ರಪಾಣಿಯೂ ಕೆಂಚಪ್ಪನೂ ಗೇಟು ತೆಗೆದುಕೊಂಡು ಬಂದರು. ಇಬ್ಬರೂ ಅವಳ ಗಂಡ ರೇವಣಸಿದ್ದಯ್ಯನ ಜೊತೆಗೇ ವಾಯುಸೇನೆ ಸೇರಿದವರು. ಅವನಿಗಿಂತ ಮೊದಲೇ ಕೆಲಸ ಬಿಟ್ಟು ರಾಜಾಜಿನಗರದಲ್ಲೇ ಮನೆ ಕಟ್ಟಿಕೊಂಡ ಪೈಲಟ್‌ಗಳು. ಅವರನ್ನು ಬಾಗಿಲಲ್ಲಿ ಕಂಡೊಡನೆ ಯಾಕೆ ಬಂದರೆಂದು ಅವಳಿಗೆ ತಿಳಿಯಿತು. ಈ ಪದ್ಧತಿ ಅವಳಿಗೆ ಗೊತ್ತಿಲ್ಲದ್ದೇ? ವಿಮಾನ ಕಾಣೆಯಾದರೆ ಗೆಳೆಯರು ಆ ಮನೆಗೆ ಹೋಗಿ ಕೂರಬೇಕು. ಮನೆಯಲ್ಲಿ ಹಾಕುವ ಬಟ್ಟೆಯಲ್ಲೇ ಹೋಗಬೇಕು; ಯೂನಿಫಾರಂ ಕಂಡರೆ ಮುಗಿಯಿತೆಂದೇ ಅರ್ಥ. ಹೆಂಗಸು ಒಬ್ಬಳೇ ಫೋನಿನ ಮುಂದೆ ಕೂರದಂತೆ ನೋಡಿಕೊಳ್ಳಬೇಕು, ಬಾಯಿಗೆ ಬಿಡುವು ಕೊಡದೆ ಹಳೆಯ ಕಥೆ ಹೇಳುತ್ತಿರಬೇಕು, ಆ ಕಥೆಗಳಲ್ಲಿ ಎಲ್ಲರೂ ಬದುಕಿ ಮನೆ ಸೇರಬೇಕು. ಅವಳೇ ಎಷ್ಟು ಮನೆಗಳಲ್ಲಿ ಕಾಫಿ ಕಾಸಿಕೊಂಡು ಹಾಗೆ ಕೂತಿದ್ದಳೋ. ಆ ಮನೆಗಳಿಗೆ ಗಂಡ ತಿರುಗಿ ಬಂದದ್ದು ಮಾತ್ರ ಒಂದೋ ಎರಡೋ.

ಕಾರಿನ ಸದ್ದು ಕೇಳಿ ಮಹಡಿಯಿಂದ ಅಂಬುಜಾ ಇಳಿದು ಬಂದಳು. ಅವಳೂ ಅವಳ ಗಂಡ ಪ್ರಹ್ಲಾದನೂ ಮೇಲಿನ ಮನೆಯ ಬಾಡಿಗೆಯವರು, ಹೋದ ಬೇಸಿಗೆಯಲ್ಲಿ ಮದುವೆಯಾದವರು. ಪ್ರಹ್ಲಾದನೂ ಅದೇ ವಿಮಾನದಲ್ಲಿದ್ದ.

"ಏನಂತೆ ಅಕ್ಕ?" ಎಂದಳು.

"ಇಳಿಯೋದು ತಡವಾಗಿದೆಯಂತೆ. ಕೂತ್ಕೊ," ಎಂದಳು ಬಸವರಾಜೇಶ್ವರಿ. ಇಷ್ಟು ವರ್ಷ ಪೈಲಟ್ಟಿನ ಹೆಂಡತಿಯಾಗಿ ಕಲಿತ ವಿದ್ಯೆ ಅದು, ಬಾಯಿಂದ ತಾನಾಗಿ ಬಂತು.

ಅದು ಹಳೆಯ ಜೆಟ್ ಟ್ರೈನರ್. ಈ ಮೂವರು ಗೆಳೆಯರೂ ಹಾರಲು ಕಲಿತದ್ದೇ ಅಂಥದರಲ್ಲಿ. ಅವರು ಅದಕ್ಕೆ ಇಟ್ಟ ಹೆಸರು ಮುದುಕಿ. ಅದರ ಓರಗೆಯವೆಲ್ಲ ಗುಜರಿಗೋ ಮ್ಯೂಸಿಯಮ್ಮಿಗೋ ಹೋದ ಮೇಲೆ, ವರ್ಷಕ್ಕೊಮ್ಮೆ ಜನರಿಗೆ ಹಾರಿಸಿ ತೋರಿಸಲೆಂದು ಇದೊಂದನ್ನು ಉಳಿಸಿಕೊಂಡಿದ್ದರು. ಅದನ್ನು ಬಲ್ಲವನು ಸರ್ವಿಸಿನಲ್ಲಿ ಉಳಿದಿದ್ದದ್ದು ರೇವಣಸಿದ್ದಯ್ಯ ಒಬ್ಬನೇ. ತನ್ನ ನಂತರ ಒಬ್ಬನಿಗಾದರೂ ಬರಲಿ ಎಂದು ಪ್ರಹ್ಲಾದನಿಗೆ ಕಲಿಸುತ್ತಿದ್ದ. ಮುದುಕಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂರಬೇಕು, ಎಡಗಡೆ ಕಲಿಯುವವನು, ಬಲಗಡೆ ಕಲಿಸುವವನು. ಹೊಸ ವಿಮಾನಗಳಲ್ಲಿದ್ದಂತೆ ಸೀಟಿನ ಸಮೇತ ಹೊರಕ್ಕೆ ಚಿಮ್ಮಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ.

"ಮುದುಕಿ ಯಾರನ್ನೂ ಕೈಬಿಡಲ್ಲ ಅತ್ತಿಗೆ," ಎಂದು ಚಕ್ರಪಾಣಿ ಶುರುಮಾಡಿದ. "ಸ್ಟಾರ್ಟ್ ಮಾಡಿದ್ರೆ ಗೊಣಗ್ತಾಳೆ, ನರಳ್ತಾಳೆ, ಹಿಂದಿನ ಹುಲ್ಲೆಲ್ಲ ಸುಟ್ಟು ಹಾಕ್ತಾಳೆ. ಒಳಗಡೆ ಸೀಮೆಎಣ್ಣೆ ವಾಸನೆ, ನಾವು ಕಲಿಯೋವಾಗ ಹೈದರಾಬಾದ್ ಬಿಸಿಲಿಗೆ ಬೆವರು ಬೂಟಿನೊಳಕ್ಕೆ ಇಳಿಯೋದು. ಆದ್ರೆ ಒಂದ್ಸಲ ನೆಲ ಬಿಟ್ಟಳೂ ಅಂದ್ರೆ, ಎರಡು ಬೆರಳಲ್ಲಿ ಹಿಡ್ಕೊಂಡ್ರೆ ಸಾಕು. ಅಷ್ಟು ಸಾಧು."

"ಒಬ್ಬನೇ ಹಾರಿದ ಮೊದಲನೇ ದಿನ ನಾನು ಪಕ್ಕದ ಸೀಟು ನೋಡಿ ಹೆದರಿಬಿಟ್ಟಿದ್ದೆ," ಎಂದ ಕೆಂಚಪ್ಪ. ಅವನದು ಮಾತು ಕಮ್ಮಿ, ಆಡಿದರೆ ಒರಟು. "ಭುಜಕ್ಕೆ ಭುಜ ತಾಗೋದು ಅಭ್ಯಾಸ ಆಗಿತ್ತು. ಅವತ್ತು ಏನೂ ತಾಗಲಿಲ್ಲ. ಅದಕ್ಕೇ ಹೆದರಿದ್ದು, ಇಂಜಿನ್ನಿಗಲ್ಲ."

ಚಕ್ರಪಾಣಿ ಅವನನ್ನು ದುರುಗುಟ್ಟಿ ನೋಡಿ ಮಾತು ತಿರುಗಿಸಿದ. ಇಂಜಿನ್ ನಿಂತ ಮುದುಕಿಯನ್ನು ಗದ್ದೆಗೆ ಇಳಿಸಿದವನ ಕಥೆ, ಗಾಜಿಗೆ ಹದ್ದು ಬಡಿದರೂ ತೂರಾಡಿಕೊಂಡು ಬಂದವನ ಕಥೆ, ಮೋಡದಲ್ಲಿ ದಾರಿ ತಪ್ಪಿ ರೈಲು ಹಳಿ ನೋಡಿಕೊಂಡು ಊರು ಸೇರಿದವನ ಕಥೆ. ಅಂಬುಜಾ ಒಂದೊಂದನ್ನೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದಳು, ಪಾಪ. ಬಸವರಾಜೇಶ್ವರಿಗೆ ಎದ್ದು ಹೋಗಿ ಚಕ್ರಪಾಣಿಯ ಬಾಯಿ ಮುಚ್ಚಬೇಕೆನಿಸುತ್ತಿತ್ತು. ಅವನು ಮಾತು ನಿಲ್ಲಿಸಿದ ಕೂಡಲೇ ಇನ್ನೊಂದು ಹೇಳಿ ಎಂದು ಅಂಗಲಾಚಬೇಕೆಂದೂ ಅನಿಸುತ್ತಿತ್ತು. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ. ಅದು ಹುಲ್ಲುಕಡ್ಡಿ ಎಂದು ಗೊತ್ತಿದ್ದವರಿಗೂ ಅಷ್ಟೇ.

"ಅಷ್ಟೆಲ್ಲ ಯಾಕೆ, ನಮ್ಮ ರೇವಣ್ಣಾನೇ ಕೆರೇಲಿ ಇಳಿಸಿರಲಿಲ್ವಾ? ಇಂಜಿನ್ ಪೂರ್ತಿ ನಿಂತೋಗಿ, ಒಣಗಿದ ಕೆರೆಯಂಗಳದಲ್ಲಿ ಚಕ್ರ ಬಿಡದೆ ಹೊಟ್ಟೆ ಮೇಲೆ ಇಳಿಸಿ, ಯಾವುದೋ ಹಳ್ಳೀಲಿ ಮಜ್ಜಿಗೆ ಕುಡಿದು, ಎತ್ತಿನ ಗಾಡೀಲಿ ವಾಪಸ್ ಬಂದ."

ಈ ಕಥೆಯನ್ನು ಅವಳು ಗಂಡನ ಬಾಯಿಂದಲೇ ಕೇಳಿದ್ದಳು. ಎಷ್ಟು ಕೇಳಿದರೂ ಅವನು ಮಜ್ಜಿಗೆಗಿಂತ ಹೆಚ್ಚೇನೂ ಹೇಳುತ್ತಿರಲಿಲ್ಲ. ಈಗ ಆ ಕಥೆಯೇ ಅವಳ ಕೈಗೆ ಸಿಕ್ಕ ಹಗ್ಗವಾಯಿತು.

"ಕೊನೇ ಸಲ ರೇಡಿಯೋದಲ್ಲಿ ಮಾತಾಡಿದ್ದು ಎಲ್ಲಿಂದ?" ಎಂದು ಕೇಳಿದಳು.

"ಕೆಂಗೇರಿ ಹತ್ತಿರದಿಂದ ಅಂತ ಹೇಳ್ತಿದ್ರು."

"ಹಂಗಾದ್ರೆ ಏಳ್ರಿ. ಆ ಕಡೆ ಇರೋದೆಲ್ಲ ಕೆರೆಗಳೇ. ಅವರು ಕೆರೇನೇ ಹುಡುಕ್ಕೊಂಡು ಹೋಗಿರ್ತಾರೆ."

ಮಾಗಿಯ ತಿಂಗಳಲ್ಲಿ ಕೆರೆ ಒಣಗಿರುವುದಿಲ್ಲ ಎಂದು ಹೇಳಲು ಚಕ್ರಪಾಣಿ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ. ಅಂಬುಜಾ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಚಕ್ರಪಾಣಿಯ ಫಿಯೆಟ್ಟಿನಲ್ಲಿ ಗಂಡಸರಿಬ್ಬರು ಮುಂದೆ, ಹೆಂಗಸರಿಬ್ಬರು ಹಿಂದೆ. ಅಂಬುಜಾ ಬಸವರಾಜೇಶ್ವರಿಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಹಿಡಿದಿದ್ದಳು. ವಿಜಯನಗರ ದಾಟಿ ಮೈಸೂರು ರಸ್ತೆ ಸೇರಿದರು.

"ರೇವಣ್ಣನವರು ಕೆರೆಗೆ ಇಳಿಸಿದ ದಿನ ಪಕ್ಕದಲ್ಲಿ ಯಾರಿದ್ರು?" ಎಂದು ಅಂಬುಜಾ ಇದ್ದಕ್ಕಿದ್ದಂತೆ ಕೇಳಿದಳು.

ಬಸವರಾಜೇಶ್ವರಿ ಬೆಚ್ಚಿದಳು. ಇಷ್ಟು ವರ್ಷದಲ್ಲಿ ತನಗೆ ಕೇಳಬೇಕೆಂದೇ ಹೊಳೆಯದ ಪ್ರಶ್ನೆ ಅದು.

"ಅದೆಲ್ಲ ಈಗ್ಯಾಕಮ್ಮ," ಎಂದ ಚಕ್ರಪಾಣಿ.

"ಕೇಳ್ತಿದಾಳಲ್ಲ, ಹೇಳೋಣ. ಎಷ್ಟು ಅಂತ ಕಾಗಕ್ಕ ಗುಬ್ಬಕ್ಕನ ಕಥೆ ಹೇಳ್ತೀಯ?" ಎಂದು ಕೆಂಚಪ್ಪ ಹಿಂದಕ್ಕೆ ತಿರುಗಿದ. "ಇಳಿಸಿದ್ದು ರೇವಣ್ಣ ಅಲ್ಲ. ಅವನಿನ್ನೂ ಕಲೀತಿದ್ದ. ಇಳಿಸಿದ್ದು ಇನ್‌ಸ್ಟ್ರಕ್ಟರ್ ಡಿಸೋಜ ಸಾಹೇಬ್ರು. ಮುದುಕಿ ಕೆರೆಯಂಗಳದಲ್ಲಿ ಜಾರ್ಕೊಂಡು ನೇರ ತೂಬಿನ ಕಲ್ಲಿಗೇ ಹೋಗ್ತಿತ್ತು. ಕೊನೇ ಗಳಿಗೇಲಿ ಸಾಹೇಬ್ರು ಕಾಲಲ್ಲಿ ರಡ್ಡರ್ ಪೆಡಲ್ ಒದ್ದು ತಿರುಗಿಸಿದ್ರು. ಅವರ ಕಡೆ ಕಲ್ಲಿಗೆ ಬಡೀತು, ರೇವಣ್ಣನ ಕಡೆ ಉಳೀತು. ಮಜ್ಜಿಗೆ ಕುಡಿದಿದ್ದು ಅವನೊಬ್ನೇ."

ಕಾರು ಹಳ್ಳಕ್ಕೆ ಬಿದ್ದು ಎದ್ದಿತು.

"ಅವತ್ತು ರಾತ್ರಿ ಮೆಸ್ಸಿನಲ್ಲಿ ನಮ್ಮಿಬ್ರ ಮುಂದೆ ಆಣೆ ಮಾಡಿದ. ನನ್ನ ಪಾಳಿ ಬಂದ್ರೆ ನಾನೂ ಪೆಟ್ಟನ್ನ ನನ್ನ ಕಡೇಗೇ ತಿರುಗಿಸ್ತೀನಿ ಅಂತ. ಅವನು ಆಡಿದ ಮಾತು ತಪ್ಪೋ ಪೈಕಿ ಅಲ್ಲ ಅಂತ ನಿಮಗೇ ಗೊತ್ತಲ್ಲ ಅತ್ತಿಗೆ."

ಅವನು ಅದನ್ನು ಹೊಗಳಿಕೆಯಾಗಿಯೇ ಹೇಳಿದ, ಮುಂಡೇದು. ಗೆಳೆಯನ ದೊಡ್ಡತನ ಹೇಳುವ ಭರದಲ್ಲಿ ಅವನ ಹೆಂಡತಿಯ ಕೊರಳು ಕೊಯ್ಯುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಅವಳ ಕೈ ಹಿಡಿದಿದ್ದ ಅಂಬುಜಾಳ ಬೆರಳುಗಳಿಗೆ ಜೀವ ಬಂದದ್ದು ಬಸವರಾಜೇಶ್ವರಿಗೆ ಗೊತ್ತಾಯಿತು.

ಯೂನಿವರ್ಸಿಟಿ ಕ್ಯಾಂಪಸ್ಸಿನ ಬಳಿ ಜನ ಉಲ್ಲಾಳದ ಕಡೆಗೆ ಸೈಕಲ್ಲು ತುಳಿಯುತ್ತಿದ್ದರು. ಆ ದಿಕ್ಕಿನಲ್ಲಿ ಹೊಗೆ ಕಾಣುತ್ತಿತ್ತು. ಮಣ್ಣುದಾರಿ ಹಿಡಿದು ಏರಿಯ ಮೇಲೆ ಬಂದರೆ ಕೆರೆ ತುಂಬಿ ತುಳುಕುತ್ತಿತ್ತು. ವಿಮಾನ ಬಿದ್ದದ್ದು ಕೆರೆಯಾಚೆಯ ರಾಗಿ ಹೊಲದಲ್ಲಿ. ಪೈರು ಕೊಯ್ದ ಕೂಳೆಯ ಮೇಲೆ ಬಹಳ ದೂರ ಉಜ್ಜಿಕೊಂಡು ಹೋಗಿ, ಹಾಸುಬಂಡೆಗೆ ಬಡಿದು ನಿಂತಿತ್ತು. ಕಾನ್‌ಸ್ಟೇಬಲ್ಲು ದಾರಿಗೆ ಅಡ್ಡ ನಿಂತು, ಪೆಟ್ರೋಲು ಸೋರ್ತಾ ಇದೆ, ಬೇಸಿನವರು ಬರೋ ತನಕ ಯಾರನ್ನೂ ಬಿಡಲ್ಲ ಎಂದ.

ಹೊಲದ ಯಜಮಾನ ದೊಡ್ಡಹನುಮಯ್ಯ ಕಾರಿನ ಕಿಟಕಿಗೆ ಬಗ್ಗಿದ. ಒಳಗಿದ್ದವರು ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಇಬ್ರು ಇದ್ರು ಸ್ವಾಮಿ. ಒಬ್ರು ಬದುಕವ್ರೆ. ನಮ್ಮ ಲಿಂಗಮ್ಮ ನೀರು ಕುಡಿಸಿದ್ಲು. ಟೆಂಪೋದಲ್ಲಿ ಆಕ್ಕೊಂಡು ಕೆಂಗೇರಿ ಆಸ್ಪತ್ರೆಗೆ ತಗೊಂಡೋದ್ರು. ಇನ್ನೊಬ್ರುದು ಅಲ್ಲೇ ಮುಗುದೋಯ್ತು."

"ಬದುಕಿರೋದು ಯಾರು, ವಯಸ್ಸಾದವರಾ, ಹುಡುಗನಾ?" ಎಂದ ಚಕ್ರಪಾಣಿ.

"ಎಂಗೇಳಾದು ಸ್ವಾಮಿ. ತಲೆ ಮ್ಯಾಲೆ ಟೋಪಿ, ಮುಖ ಎಲ್ಲಾ ರಕ್ತ, ಮಸಿ. ಇಮಾನದ ಒಂದು ಪಕ್ಕ ಅಪ್ಪಚ್ಚಿ ಆಗ್ಯದೆ, ಇನ್ನೊಂದು ಪಕ್ಕ ಚೆನ್ನಾಗೇ ಅದೆ."

ಯಾವ ಪಕ್ಕ ಎಂದು ಯಾರೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಎರಡು ಕೈಗಳೂ ಒಟ್ಟಿಗೇ ಬಿಟ್ಟುಕೊಂಡವು. ಅಷ್ಟು ಹೊತ್ತು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದ ಹೆಂಗಸರು ಈಗ ತಮ್ಮ ತಮ್ಮ ಕಿಟಕಿಗೆ ಸರಿದು ಕೂತರು. ಬೇಸಿನವರು ಬರುವ ತನಕ ಇರಲೆಂದು ಕೆಂಚಪ್ಪ ಅಲ್ಲೇ ಇಳಿದುಕೊಂಡ. ಚಕ್ರಪಾಣಿ ಕಾರು ತಿರುಗಿಸಿದ.

ಕೆಂಗೇರಿಯ ದಾರಿಯಲ್ಲಿ ಬಸವರಾಜೇಶ್ವರಿ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೊಟ್ಟ ಮಾತಿಗೆ ತಪ್ಪಬಾರದು, ನುಡಿದಂತೆ ನಡೆಯಬೇಕು ಎಂದು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿ ಬೆಳೆದವಳು. ಅಂಥ ಗಂಡ ಸಿಕ್ಕಿದ ಎಂದು ದಾವಣಗೆರೆಯ ತವರಿನಲ್ಲಿ ಬೀಗಿದವಳು. ಈಗ ಅವಳು ಬೇಡಿಕೊಂಡದ್ದು ಬೇರೆ. ಶಿವನೇ, ಇದೊಂದು ಸಲ ಅವರು ಮಾತಿಗೆ ತಪ್ಪಿರಲಿ. ಇದೊಂದು ಸಲ ಹೇಡಿಯಾಗಿರಲಿ. ಆ ಹುಡುಗ ಯಾರೋ, ನಾನು ಯಾರೋ. ಅವರೊಬ್ಬರು ಇರಲಿ.

ಆ ಹುಡುಗ ನಿನ್ನೆ ಸಂಜೆ ಅವಳ ಅಡುಗೆಮನೆಗೆ ಬಂದು ಶೇಂಗಾ ಚಟ್ನಿಪುಡಿ ಕೇಳಿ ಇಸಿದುಕೊಂಡು ಹೋಗಿದ್ದ. ಅದು ನೆನಪಾಯಿತು. ಆದರೂ ಬೇಡುವುದನ್ನು ಅವಳು ನಿಲ್ಲಿಸಲಿಲ್ಲ. ಪಕ್ಕದಲ್ಲಿ ಅಂಬುಜಾಳ ತುಟಿಯೂ ಅಲುಗುತ್ತಿತ್ತು. ಅವಳು ಏನು ಬೇಡುತ್ತಿದ್ದಾಳೆಂದು ಕೇಳಬೇಕಾಗಿರಲಿಲ್ಲ.

ಆಸ್ಪತ್ರೆಯೆಂದರೆ ಹೆಂಚಿನ ಕಟ್ಟಡ, ಒಬ್ಬರು ಡಾಕ್ಟರು, ಒಬ್ಬಳು ನರ್ಸು. ಚಕ್ರಪಾಣಿ ಬೇಸಿಗೆ ಫೋನು ಮಾಡಲು ಆಫೀಸಿನ ಕಡೆ ಓಡಿದ. ಗಾಯ ಹೊಲಿಯುತ್ತಿದ್ದಾರೆ, ಒಬ್ಬರೇ ಬನ್ನಿ ಎಂದಳು ನರ್ಸು. ಹೆಂಗಸರಿಬ್ಬರೂ ಬೆಂಚಿನ ಹತ್ತಿರ ನಿಂತರು.

"ನೀವು ದೊಡ್ಡೋರು, ಹೋಗಿ ಅಕ್ಕ," ಎಂದಳು ಅಂಬುಜಾ. ದೊಡ್ಡವರೆಂದು ಹೇಳಿದಳೋ, ಒಳಗೆ ಹೋಗಿ ನೋಡುವ ಧೈರ್ಯವಿಲ್ಲದೆ ಹೇಳಿದಳೋ.

ಬಸವರಾಜೇಶ್ವರಿ ಪರದೆ ಸರಿಸಿದಳು. ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ಅವಳು ನೋಡಿದ್ದು ಕಾಲನ್ನು. ಹೆಬ್ಬೆರಳು ಒಳಕ್ಕೆ ಬಾಗಿದ ಆ ಕಾಲನ್ನು ಅವಳು ಲಕ್ಷ ಕಾಲುಗಳ ನಡುವೆಯೂ ಗುರುತಿಸಬಲ್ಲಳು. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗಿತ್ತು.

ಅವಳಿಗೆ ಬಂದ ಸಂತೋಷಕ್ಕೆ ಮಾನವಿರಲಿಲ್ಲ, ಮರ್ಯಾದೆಯಿರಲಿಲ್ಲ. ಕಾಲಿಗೆ ಹಣೆಯಿಟ್ಟು ಒತ್ತಿದಳು.

"ಬಂಡೆ ಕಾಣಿಸ್ತು ಕಣೇ," ಎಂದ ರೇವಣಸಿದ್ದಯ್ಯ. ದನಿ ಎಲ್ಲಿಂದಲೋ ಬಂದಂತಿತ್ತು. "ನನ್ನ ಕಡೆ ತಿರುಗಿಸಬೇಕಿತ್ತು. ಕಾಲು ಒದೀಲೇ ಇಲ್ಲ. ಆ ಹುಡುಗ ಎಲ್ಲಿ?"

 ಅವನು ಹೇಡಿಯಾಗಿದ್ದ, ಬದುಕಿದ್ದ. ಅವಳು ಬೇಡಿದ್ದಷ್ಟನ್ನೂ ಶಿವ ಒಂದಿಷ್ಟೂ ಕಡಿಮೆ ಮಾಡದೆ ಕೊಟ್ಟಿದ್ದ. ಎಲ್ಲಿ ಅವನು ಎಂದು ಗಂಡ ಮತ್ತೆ ಕೇಳಿದ. ನರ್ಸು ಅವಳ ತೋಳು ಹಿಡಿದು, ಈಗ ಮಾತಾಡಿಸಬಾರದು, ನಡೀರಿ ಎಂದಳು. ಅಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಬಿಕ್ಕುತ್ತ, ಗೋಡೆ ಹಿಡಿದುಕೊಂಡು ಬಸವರಾಜೇಶ್ವರಿ ಹೊರಗೆ ಬಂದಳು.

ಅಂಬುಜಾ ಬೆಂಚಿನಿಂದ ಎದ್ದು ಅವಳನ್ನೇ ನೋಡಿದಳು. ಕಣ್ಣೀರು ನೋಡಿದಳು, ಬಾಯಿಯಲ್ಲಿದ್ದ ಸೆರಗು ನೋಡಿದಳು. ಅವಳ ಮುಖ ಅರಳಿತು. ಅರಳಿದ್ದನ್ನು ಮರೆಮಾಡಲು ಓಡಿಬಂದು ಬಸವರಾಜೇಶ್ವರಿಯನ್ನು ತಬ್ಬಿಕೊಂಡಳು.

"ಅಕ್ಕ, ನಾನಿದೀನಿ ಅಕ್ಕ," ಎಂದಳು. "ನಾನೂ ನಮ್ಮನೆಯವರೂ ನಿಮ್ಮನ್ನ ಬಿಟ್ಟು ಎಲ್ಲೂ ಹೋಗಲ್ಲ. ರೇವಣ್ಣನವರು ಮಾಡಿದ್ದನ್ನ ಏಳು ಜನ್ಮಕ್ಕೂ ಮರೆಯಲ್ಲ."

 ಆ ಹುಡುಗಿಯ ಎದೆ ಡವಡವ ಹೊಡೆದುಕೊಳ್ಳುವುದು ಬಸವರಾಜೇಶ್ವರಿಯ ಎದೆಗೇ ಕೇಳುತ್ತಿತ್ತು.

"ಒಂದೇ ಒಂದು ನಿಮಿಷ, ನೋಡ್ಕೊಂಡು ಬಂದ್ಬಿಡ್ತೀನಿ," ಎಂದು ಅಂಬುಜಾ ಕೊಸರಿಕೊಂಡಳು.

ಬಸವರಾಜೇಶ್ವರಿ ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಬಿಡಿ ಅಕ್ಕ," ಎಂದಳು ಅಂಬುಜಾ, ಅಳುತ್ತ, ನಗು ತಡೆಯಲಾಗದೆ. "ಕಾಯ್ತಿರ್ತಾರೆ, ಬಿಡಿ."

ಅವಳು ಬಿಡಲಿಲ್ಲ.