ಅತ್ತಿಗೆಯ ಮೂಗು

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳ ಕೈರುಚಿಗೆ ಒಳ್ಳೆಯ ಹೆಸರಿತ್ತು. ಊಟವೆಂದರೆ ಮುಖ ತಿರುಗಿಸುವ ರೋಗಿಗಳೂ ಅವಳು ಮಾಡಿದ ಸೂಪನ್ನು ಬಟ್ಟಲು ಬರಿದಾಗುವವರೆಗೆ ಕುಡಿಯುತ್ತಿದ್ದರು. ಮನೆಯ ಹಿತ್ತಲಿನಿಂದ ಮಜ್ಜಿಗೆಹುಲ್ಲಿನ ದಂಟು ತಂದು, ಜಜ್ಜಿ, ಕುದಿಯುವ ತರಕಾರಿ ನೀರಿಗೆ ಹಾಕಿ, ಬಡಿಸುವ ಮುಂಚೆ ಎತ್ತಿಬಿಡುತ್ತಿದ್ದಳು. ನಿಂಬೆ ಹಿಂಡದೆಯೇ ನಿಂಬೆಯ ಘಮ ಬರುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆಯೊಂದಿಗೆ ಜಗಳವೇನೂ ಇರಲಿಲ್ಲ. ಮಾತೂ ಇರಲಿಲ್ಲ, ಅಷ್ಟೆ. ಒಬ್ಬರು ಒಲೆಯ ಮುಂದಿದ್ದರೆ ಇನ್ನೊಬ್ಬರು ಹಿತ್ತಲಿಗೆ ಹೋಗುತ್ತಿದ್ದರು. ಅತ್ತಿಗೆಗೆ ಕೋಪ ಮೂಗಿನ ತುದಿಯಲ್ಲೇ ಎಂದು ಅಣ್ಣ ನಗೆಯಾಡುತ್ತಿದ್ದ. ಆ ಮೂಗು ಎಷ್ಟು ಚುರುಕೆಂದರೆ, ಬೀದಿಯ ಕೊನೆಯ ಮನೆಯಲ್ಲಿ ಹಾಲು ಸೀದರೂ ಇಲ್ಲಿ ಗೊತ್ತಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಬಿಟ್ಟು ಹೋಗುವಾಗ ಅದು ವಾಸನೆಯನ್ನೂ ಎತ್ತಿಕೊಂಡು ಹೋಯಿತು. ಉಪ್ಪು, ಹುಳಿ ನಾಲಿಗೆಗೆ ತಿಳಿಯುತ್ತಿದ್ದವು, ಉಳಿದದ್ದೆಲ್ಲ ಸಪ್ಪೆ. ಕೆಲಸ ಹೋದೀತೆಂದು ಹೆದರಿ ಯಾರಿಗೂ ಹೇಳಲಿಲ್ಲ. ಎಲ್ಲವನ್ನೂ ಕಣ್ಣಳತೆಯಲ್ಲಿ ಹಾಕಿ ದಿನ ದೂಡಿದಳು. ಬೆಳ್ಳುಳ್ಳಿ ಸೀದದ್ದು ಅದು ಕಪ್ಪಾದ ಮೇಲಷ್ಟೇ ತಿಳಿಯುತ್ತಿತ್ತು.

ಒಂದು ಸಂಜೆ ಅತ್ತಿಗೆ ತಲೆನೋವೆಂದು ಮಲಗಿದ್ದಳು. ಇವಳೇ ಹಿತ್ತಲಿಗೆ ಹೋಗಿ ಮಜ್ಜಿಗೆಹುಲ್ಲೆಂದು ಕೊಯ್ದು ತಂದು ಚಹಾ ಮಾಡಿ ಕೊಟ್ಟಳು. ಅತ್ತಿಗೆ ಒಂದು ಗುಟುಕು ಕುಡಿದು ಲೋಟವನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಆಮೇಲೆ ಪೂರ್ತಿ ಕುಡಿದಳು.

ಮರುದಿನ ಬೆಳಿಗ್ಗೆ ನೋಡಿದರೆ ಅತ್ತಿಗೆ ಮಜ್ಜಿಗೆಹುಲ್ಲಿನ ಪೊದೆಯ ಮುಂದೆ ಕೂತಿದ್ದಾಳೆ. ಪೊದೆಯೊಳಗೆ ಸೇರಿಕೊಂಡಿದ್ದ ಕಾಡುಹುಲ್ಲನ್ನು ಕಿತ್ತು ಪಕ್ಕಕ್ಕೆ ರಾಶಿ ಹಾಕುತ್ತಿದ್ದಾಳೆ. ಮೇಲಿನಿಂದ ನೋಡಲು ಎರಡೂ ಒಂದೇ. ತಾನು ನಿನ್ನೆ ಕೊಯ್ದದ್ದು ಯಾವುದೆಂದು ಅವಳಿಗೆ ಆಗ ಹೊಳೆಯಿತು.

"ಯಾವಾಗಿಂದ?" ಅತ್ತಿಗೆ ತಲೆಯೆತ್ತದೆ ಕೇಳಿದಳು.

"ಜ್ವರ ಬಿಟ್ಟಾಗಿಂದ."

"ಹೇಳೋದಲ್ವಾ?"

"ಹೇಳಿದ್ರೆ ನಿಮ್ಮ ಮೂಗು ಕೊಡ್ತಿದ್ರಾ ಅತ್ತಿಗೆ?" ಎಂದವಳಿಗೆ ಅಳು ಉಕ್ಕಿ ಬಂತು. "ನಿನ್ನೆ ಅದನ್ನ ಯಾಕೆ ಕುಡಿದ್ರಿ? ಚೆಲ್ಲಬಹುದಿತ್ತಲ್ಲ."

ಅತ್ತಿಗೆ ಇನ್ನೊಂದು ಹಿಡಿ ಕಾಡುಹುಲ್ಲು ಕಿತ್ತು ರಾಶಿಗೆ ಎಸೆದಳು. "ಈ ಮನೆಗೆ ಬಂದಾಗಿಂದ, ತಲೆನೋವು ಅಂದಾಗ ಒಬ್ಬರಾದ್ರೂ ನನಗೆ ಚಹಾ ಮಾಡಿ ಕೊಟ್ಟಿರ್ಲಿಲ್ಲ," ಎಂದಳು.

ಆಮೇಲೆ ಅವಳ ಕೈ ಹಿಡಿದು ಪೊದೆಯೊಳಗೆ ಬಿಟ್ಟಳು. ಮಜ್ಜಿಗೆಹುಲ್ಲಿನ ಅಂಚು ಬೆರಳಿಗೆ ಗರಗಸದಂತೆ ತಾಗುತ್ತಿತ್ತು. ಬುಡ ದಪ್ಪಗೆ, ಪದರ ಪದರವಾಗಿತ್ತು. ಮೂಗಿಲ್ಲದಿದ್ದರೂ ಕೈಯಲ್ಲಿ ಗುರುತು ಹಿಡಿಯಬಹುದಿತ್ತು.

ಆದರೆ ಆಸ್ಪತ್ರೆಯಲ್ಲಿ ನಿಜ ಹೇಳಲೇಬೇಕೆಂದು ಅತ್ತಿಗೆ ಪಟ್ಟು ಹಿಡಿದಳು; ಕಾಯಿಲೆಯವರ ಊಟದಲ್ಲಿ ಅಂದಾಜಿನ ಕೆಲಸ ಕೂಡದೆಂದಳು. ತಾನೇ ಜೊತೆಗೆ ಹೋದಳು. ಅಡುಗೆಮನೆಯ ಮೇಲ್ವಿಚಾರಕ ಎಲ್ಲ ಕೇಳಿಸಿಕೊಂಡು, ಹಳಸಿದ್ದು, ಸೀದದ್ದು ತಿಳಿಯದವರನ್ನು ಒಲೆಯ ಮುಂದೆ ಒಬ್ಬರನ್ನೇ ಬಿಡಲಾರೆನೆಂದ.

"ಒಬ್ಬಳೇ ಯಾಕಿರ್ತಾಳೆ? ನಾನು ಬರ್ತೀನಿ," ಎಂದಳು ಅತ್ತಿಗೆ. ಹಾಗೆ ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲವೇನೋ, ಹೇಳಿದ ಮೇಲೆ ಸೆರಗಿನಿಂದ ಬೆವರು ಒರೆಸಿಕೊಂಡಳು. ಮೇಲ್ವಿಚಾರಕ ಒಪ್ಪಿದ. ಸಂಜೆ, ಇನ್ನು ಮನೆಯ ಅಡುಗೆ ಯಾರು ಮಾಡುತ್ತಾರೆಂದು ಅಣ್ಣ ಕೇಳಿದ್ದಕ್ಕೆ, ಅವನ ಎರಡು ಕೈಗಳ ಕಡೆ ಬೆರಳು ತೋರಿಸಿದಳು.

ಹೀಗೆ ಇಬ್ಬರೂ ಕೆಲಸಕ್ಕೆ ಹೋಗತೊಡಗಿದರು. ಹದ ಅವಳದು, ಘಮ ಅತ್ತಿಗೆಯದು. ಕಳೆದುಕೊಂಡದ್ದರ ದುಃಖವೇನೂ ಕಡಿಮೆಯಾಗಲಿಲ್ಲ. ಒಗೆದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅವಳು ಸುಮ್ಮನೆ ನಿಂತುಬಿಡುತ್ತಿದ್ದಳು. ಹೋದ ವಾಸನೆ ಬಂದರೂ ಬರಬಹುದು, ಶುರುವಿನಲ್ಲಿ ಒಂದರ ವಾಸನೆ ಇನ್ನೊಂದರಂತೆ ತಪ್ಪುತಪ್ಪಾಗಿಯೇ ಬರುವುದುಂಟು ಎಂದಿದ್ದರು ಡಾಕ್ಟರು.

ಬೇಸಿಗೆಯ ಒಂದು ಮಧ್ಯಾಹ್ನ ಈರುಳ್ಳಿ ಹುರಿಯುತ್ತಿದ್ದವಳು ಸೌಟು ಕೆಳಗಿಟ್ಟು, ಎಲ್ಲೋ ರಬ್ಬರ್ ಸುಡುತ್ತಿದೆ ಎಂದಳು. ಅತ್ತಿಗೆ ಮೂಸಿ ನೋಡಿದಳು. ಬಂಗಾರದ ಬಣ್ಣಕ್ಕೆ ತಿರುಗುತ್ತಿದ್ದ ಈರುಳ್ಳಿಯದಲ್ಲದೆ ಬೇರೆ ವಾಸನೆ ಇರಲಿಲ್ಲ.

"ರಬ್ಬರೇ?"

"ಹೂಂ, ಸುಟ್ಟ ರಬ್ಬರು. ವಾಕರಿಕೆ ಬರ್ತಿದೆ ಅತ್ತಿಗೆ."

ಅತ್ತಿಗೆ ಒಲೆ ಆರಿಸಿ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು.