ಎರಡೂ ಎಡಗೈ ತೋಳು

ಚಿಂದಿ ಮೂಟೆಯೊಳಗೆ ಕೈ ಹಾಕಿದ ದರ್ಜಿಗೆ ಮೊದಲು ಸಿಕ್ಕಿದ್ದು ನೀಲಿ ಅಂಗಿಯ ಒಂದು ತೋಳು. ಅದರ ಹಿಂದೆಯೇ ಇನ್ನೊಂದು. ಪಕ್ಕಪಕ್ಕ ಇಟ್ಟು ನೋಡಿದ. ಎರಡೂ ಎಡಗೈಯವು! ಬಟ್ಟೆಯನ್ನು ಮಡಚದೆ, ಒಂದೇ ಮುಖವಾಗಿ ಎರಡು ಸಲ ಗುರುತು ಹಾಕಿ ಕತ್ತರಿಸಿದರೆ ಹೀಗಾಗುತ್ತದೆ. ಕೆಲಸ ಕಲಿಯಲು ಬಂದವರು ಮೊದಲ ವಾರದಲ್ಲಿ ಮಾಡುವ ತಪ್ಪು. ಅಂಚಿನಲ್ಲಿದ್ದ ಬಿಳಿ ಸೀಮೆಸುಣ್ಣದ ಗೀಟು ಮಾತ್ರ ಅವನದೇ. ಇಪ್ಪತ್ತಾರು ವರ್ಷ ಪಳಗಿದ ಕೈ, ಮಾತ್ರೆಗಳ ದೆಸೆಯಿಂದ ಈಗ ಸಣ್ಣಗೆ ನಡುಗುವ ಕೈ.

ಅವನು ಅಂಗಡಿಗೆ ಇಳಿದು ಬಂದಿದ್ದೇ ಕಳ್ಳನ ಹಾಗೆ. ಹೆಂಡತಿ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಳು, ಇವನ ಸೀಮೆಸುಣ್ಣ ಮುಗಿದಿತ್ತು. ಅದನ್ನು ಹುಡುಕುತ್ತಲೇ ಮೂಟೆಗೂ ಕೈ ಹಾಕಿದ್ದ. ಕಿಡ್ನಿ ಹಾಕಿಸಿಕೊಂಡು ಎಂಟು ತಿಂಗಳಾಗಿದ್ದರೂ ಮಹಡಿಯ ಕೋಣೆ ಬಿಟ್ಟರೆ ಅವನಿಗೆ ಬೇರೆ ಲೋಕವಿರಲಿಲ್ಲ. ಸೋಂಕು ತಗಲಬಾರದು, ಮೂರು ತಿಂಗಳು ಜನರಿಂದ ದೂರವಿರಿ ಎಂದಿದ್ದರು ಡಾಕ್ಟರು. ಹೆಂಡತಿ ಅದನ್ನು ಎಂಟಕ್ಕೆ ಎಳೆದಿದ್ದಳು. ಬಿಟ್ಟರೆ ಎಂಬತ್ತಕ್ಕೂ ಎಳೆದಾಳು. ಅಳತೆ ಅವಳೇ ತೆಗೆದು, ಚೀಟಿ ಬರೆದು, ಬಟ್ಟೆಯ ಜೊತೆ ಮೆಟ್ಟಿಲ ಮೇಲಿಡುವಳು. ಇವನು ಕತ್ತರಿಸಿ ಅದೇ ಮೆಟ್ಟಿಲ ಮೇಲಿಡುವನು. ಊಟ, ಮಾತ್ರೆಯೂ ಅಲ್ಲಿಗೇ. ಮಲಗುವುದೂ ಬೇರೆ ಬೇರೆ. ತಾನೇ ಹೊಲಿದ ಮಾಸ್ಕು ಕಟ್ಟಿಕೊಂಡು "ಮಾತ್ರೆ ತಗೊಂಡ್ರಾ?" ಎಂದು ಅವಳು ಕೇಳುವಳು, ಇವನು "ಹೂಂ" ಅನ್ನುವನು. ಅಲ್ಲಿಗೆ ಮುಗಿಯಿತು ದಾಂಪತ್ಯ!

ಮೊದಲು ಹೀಗಿತ್ತೇ? ಇವನು ಕತ್ತರಿಸುವುದು, ಅವಳು ಹೊಲಿಯುವುದು. ಕೂದಲೆಳೆಯಷ್ಟು ತಪ್ಪಿದರೂ ಅವಳು ಕೆಂಪು ಸೀಮೆಸುಣ್ಣದಲ್ಲಿ ಆ ತುಂಡಿನ ಮೇಲೆ ಅಡ್ಡಡ್ಡ ಗೀಚಿ ಅವನ ಮುಖಕ್ಕೇ ಎಸೆಯುತ್ತಿದ್ದಳು. ಅವನೇನು ಸುಮ್ಮನಿರುವ ಆಸಾಮಿಯೇ? ಇವರ ಜಗಳ ಕೇಳಲೆಂದೇ ಎದುರಿನ ಕ್ಷೌರದಂಗಡಿಯವನು ರೇಡಿಯೋ ನಿಲ್ಲಿಸುತ್ತಿದ್ದ. ಆಮೇಲೆ ಇವನ ಕಿಡ್ನಿ ಕೈಕೊಟ್ಟಿತು, ಅವಳು ತನ್ನದೊಂದನ್ನು ಕೊಟ್ಟಳು. ಹೊಟ್ಟೆ ಕೊಯ್ಸಿಕೊಂಡು ಜೀವ ಉಳಿಸಿದವಳ ಮೇಲೆ ರೇಗುವುದಾದರೂ ಹೇಗೆ? ಇವನು ಬಾಯಿಗೆ ಬೀಗ ಹಾಕಿಕೊಂಡ. ಅವಳೂ ಯಾಕೋ ತಣ್ಣಗಾದಳು. ನಾನು ಉಳಿದುಕೊಂಡೆ ಸರಿ, ಬದುಕುತ್ತಿರುವುದು ಯಾರ ಜೊತೆ ಎಂದು ಎಷ್ಟೋ ಮಧ್ಯಾಹ್ನ ಅವನಿಗೆ ಅನ್ನಿಸಿತ್ತು.

ಮೂಟೆಯನ್ನು ಪೂರ್ತಿ ಸುರಿದ. ಕಾಲರುಗಳು, ಜೇಬು, ಬೆನ್ನಿನ ಭಾಗ, ಎಲ್ಲ ಅವನು ಕತ್ತರಿಸಿ ಕೆಡಿಸಿದ್ದೇ. ಒಂದರ ಮೇಲೂ ಕೆಂಪು ಗೀಟಿರಲಿಲ್ಲ.

"ಅಯ್ಯೋ, ಕೆಳಗ್ಯಾಕೆ ಬಂದ್ರಿ? ಇಲ್ಲೆಲ್ಲಾ ಧೂಳು!" ಬಾಗಿಲಲ್ಲಿ ಹೆಂಡತಿ.

"ಇದೇನಿದು?"

ಅವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. "ಅಂಥದ್ದೇ ಬಟ್ಟೆ ಹುಡುಕ್ಕೊಂಡು ಬಂದು ನಾನೇ ಕತ್ತರಿಸಿ ಹೊಲಿದೆ. ಎಲ್ಲಾ ಅಲ್ಲ, ತಪ್ಪಿದ್ದು ಕೆಲವು."

"ಹೇಳೋಕೇನಾಗಿತ್ತು?"

"ನೀವು ಮನಸ್ಸಿಗೆ ಹಚ್ಕೊಂಡ್ರೆ? ಬಿ.ಪಿ. ಏರಿ ಕಿಡ್ನಿಗೇನಾದ್ರೂ ಆದ್ರೆ? ಇನ್ನೊಂದು ಕೊಡೋಕೆ ನನ್ನ ಹತ್ರ ಇಲ್ಲ."

"ಬೈಬೇಕಿತ್ತು ಕಣೇ." ಅವನು ತೋಳುಗಳನ್ನು ಅವಳತ್ತ ಚಾಚಿದ. "ನೀನು ಬೈದು ಎಂಟು ತಿಂಗಳಾಯ್ತು. ಮೇಲೆ ಒಬ್ಬನೇ ಕೂತು ನಿನ್ನ ಮೆಷಿನ್ ಸದ್ದು ಕೇಳ್ತಿರ್ತೀನಿ. ಯಾರದೋ ಮನೇಲಿ ನೆಂಟನಾಗಿ ಉಳ್ಕೊಂಡ ಹಾಗಿದೆ ನಂಗೆ."

ಅವಳ ಕೈ ಮಾಸ್ಕಿನವರೆಗೆ ಹೋಯಿತು, ಆದರೆ ಬಿಚ್ಚಲಿಲ್ಲ. "ಮಾತ್ರೆಗೆ ಹೊತ್ತಾಯ್ತು, ಮೇಲೆ ಹೋಗಿ" ಎಂದಳು, ಅಷ್ಟೇ. ಅವನು ಹೋದ. ಅವತ್ತೆಲ್ಲ ಮೆಷಿನ್ನು ನಿಂತು ನಿಂತು ಓಡಿತು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಮಾತ್ರೆ ಡಬ್ಬಿಯ ಪಕ್ಕ ಆ ಎರಡು ನೀಲಿ ತೋಳುಗಳಿದ್ದವು. ಎರಡರ ಮೇಲೂ ಅಡ್ಡಡ್ಡ ಕೆಂಪು ಗೀಟು. ಸೀಮೆಸುಣ್ಣ ಪುಡಿಯಾಗುವಷ್ಟು ಒತ್ತಿ ಎಳೆದಿದ್ದಳು. ಅವನು ಎತ್ತಿಕೊಳ್ಳುವುದಕ್ಕೂ ಕೆಳಗಿನಿಂದ ಕೂಗು ಬರುವುದಕ್ಕೂ ಸರಿಹೋಯಿತು.

"ಕಣ್ಣು ಎಲ್ಲಿಟ್ಕೊಂಡು ಕತ್ತರಿ ಹಾಕ್ತೀರಿ? ಅಂಗಿ ಹಾಕ್ಕೊಳ್ಳೋರಿಗೆ ಎರಡೂ ಎಡಗೈನಾ?" ಮೆಷಿನ್ನು ಗಡಗಡ ಓಡತೊಡಗಿತು.

ಅವನಿಗೆ ಅಳು ಬಂತು. ನುಂಗಿಕೊಂಡು ಗಂಟಲು ಸರಿಮಾಡಿಕೊಂಡ. ಎಂಟು ತಿಂಗಳಿಂದ ಕೂಗಿ ಗೊತ್ತಿಲ್ಲದ ಗಂಟಲು.

"ಅಳತೆ ಚೀಟೀಲಿ ನೀನು ಕೋಳಿ ಕೆದಕಿದ ಹಾಗೆ ಬರೆದ್ರೆ ಇನ್ನೇನಾಗತ್ತೆ!"

ಮೆಷಿನ್ನು ನಿಂತಿತು. ಎದುರಂಗಡಿಯ ರೇಡಿಯೋ ಕೂಡ. ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ಒರೆಸಿಕೊಳ್ಳದೆ, ಅವನು ಒಂದು ಮೆಟ್ಟಿಲು ಕೆಳಗಿಳಿದು ಕಾದು ನಿಂತ.